ಹಿನ್ನೀರಿನಿಂದ ಅಳಿವೆಯವರೆಗೆ ಕಯಾಕ್‌ನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿದು ಶರಾವತಿ ಹಿನ್ನೀರು ತುಂಬಿ ನಿಂತಿತು ಅಂದರೆ ನನಗೆ ಫೋನು ಬರಲು ಶುರು. ಬೆಂಗಳೂರಿನಿಂದ ಒಬ್ಬರು, ದಾವಣಗೆರೆಯಿಂದ ಇನ್ನೊಬ್ಬರು, ಶಿವಮೊಗ್ಗದ ಕಾಲೇಜು ಹುಡುಗರು. ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ದೋಣಿಯ ಹುಟ್ಟು ಹಿಡಿದು ಹದಿನೈದು ವರ್ಷ ದಾಟಿತು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನೆಲ್ಲ ಇಲ್ಲಿ ಸಮಾಧಾನವಾಗಿ ಬರೆದಿದ್ದೇನೆ.

ನದಿ ಸಮುದ್ರ ಸೇರುವಲ್ಲಿ ಕವಲೊಡೆದು ಹರಡಿಕೊಳ್ಳುತ್ತದಲ್ಲ, ಆ ಮುಖಜ ಭೂಮಿಯಲ್ಲಿ ಕಯಾಕ್ ಮಾಡುವ ಆಸೆ. ಮಲೆನಾಡಿನ ಹೊಳೆಗಳಲ್ಲಿ ಅಂಥದ್ದು ಸಿಗುತ್ತಾ?

ಸಿಗುತ್ತದೆ, ಆದರೆ ಯಾವ ಹೊಳೆಯ ಬೆನ್ನು ಹತ್ತುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ನಮ್ಮ ಜಿಲ್ಲೆಯ ಮಳೆ ಎರಡು ದಿಕ್ಕಿಗೆ ಹರಿಯುತ್ತದೆ. ತುಂಗೆಗೆ ಬಿದ್ದ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ತುಂಗಭದ್ರೆಯಾಗಿ, ಮುಂದೆ ಕೃಷ್ಣೆ ಸೇರಿ, ಆಂಧ್ರದ ಹಂಸಲದೀವಿ ಕಡೆ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಪುಸ್ತಕದಲ್ಲಿ ಓದಿದ ನಿಜವಾದ ಮುಖಜ ಭೂಮಿ ಅಲ್ಲಿದೆ. ಕವಲು ಕವಲು ನದಿ, ಮಧ್ಯೆ ದ್ವೀಪ, ಭತ್ತದ ಗದ್ದೆ, ಮ್ಯಾಂಗ್ರೋವ್ ಕಾಡು. ತೀರ್ಥಹಳ್ಳಿಯ ಕಲ್ಲುಬಂಡೆ ತೊಳೆದುಕೊಂಡು ಹೋದ ನೀರಿಗೆ ಅದು ಬಹಳ ದೂರದ ದಾರಿ.

ಅದೇ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ತಿರುಗುತ್ತಾಳೆ. ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಅಲ್ಲಿ ಮುಖಜ ಭೂಮಿ ಇಲ್ಲ, ಅಳಿವೆ ಇದೆ, ಅಂದರೆ ಕಡಲಿನ ಉಬ್ಬರದ ನೀರು ಒಳಗೆ ಬರುವ ಹೊಳೆಯ ಕೊನೆ. ಮಣ್ಣು ಹರಡಿ ಕೂರಲು ಅಗಲವಾದ ಬಯಲು ಬೇಕು. ನಮ್ಮ ಪಡುವಣ ಹೊಳೆಗಳಿಗೆ ಆ ಬಯಲೇ ಇಲ್ಲ. ಘಟ್ಟ ಇಳಿದ ಸ್ವಲ್ಪ ದೂರಕ್ಕೇ ಸಮುದ್ರ. ಮಳೆಗಾಲದ ಅಲೆಗಳು ಬಾಯಿಗೆ ಬಂದ ಮರಳನ್ನು ಬಿಡದೆ ಸರಿಸುತ್ತವೆ. ಈಗ ಹೂಳಿನ ದೊಡ್ಡ ಪಾಲು ಮೇಲಿನ ಅಣೆಕಟ್ಟುಗಳಲ್ಲೇ ಉಳಿಯುತ್ತದೆ.

ಹಾಗಂತ ಬೇಜಾರಾಗಬೇಡಿ. ಕಯಾಕ್‌ನವರು ಮುಖಜ ಭೂಮಿಯಲ್ಲಿ ಹುಡುಕುವುದೆಲ್ಲ ಹೊನ್ನಾವರದ ಅಳಿವೆಯಲ್ಲೂ ಇದೆ. ಸಣ್ಣ ಕಾಲುವೆ, ಕಾಂಡ್ಲ (ಮ್ಯಾಂಗ್ರೋವ್) ಗಿಡ, ಮಾವಿನಕುರ್ವೆಯಂಥ ದ್ವೀಪ, ಉಪ್ಪುನೀರು ಸಿಹಿನೀರು ಬೆರೆಯುವ ಜಾಗ. ಮೇಲಿನ ಹಿನ್ನೀರಿನಲ್ಲಿ ಕಲಿತು ಕೆಳಗಿನ ಅಳಿವೆಗೆ ಹೋಗಿ. ನಾನು ಎಲ್ಲರಿಗೂ ಹೇಳುವ ದಾರಿ ಅದು.

ಕಯಾಕ್, ಕನೂ, ತೆಪ್ಪ. ಏನು ವ್ಯತ್ಯಾಸ?

ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕೂರುತ್ತೀರಿ. ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು ಇರುತ್ತದೆ. ಕನೂ ತೆರೆದ ದೋಣಿ, ಹುಟ್ಟಿಗೆ ಒಂದೇ ಅಲಗು. ಸಾಮಾನು ಜಾಸ್ತಿ ಹಿಡಿಸುತ್ತದೆ, ಇಬ್ಬರು ಮೂವರು ಹೋಗಬಹುದು, ಆದರೆ ಗಾಳಿಗೆ ಬೇಗ ಸಿಕ್ಕಿಬೀಳುತ್ತದೆ. ತೆಪ್ಪ, ಅಂದರೆ ಹರಿಗೋಲು, ಬಿದಿರಿನ ದುಂಡನೆ ಬುಟ್ಟಿ. ಮೊದಲು ಚರ್ಮ ಹೊದಿಸುತ್ತಿದ್ದರು, ಈಗ ಟಾರ್ಪಾಲಿನ ಮೇಲೆ ಡಾಂಬರು ಬಳಿಯುತ್ತಾರೆ. ಗೊತ್ತಿಲ್ಲದವರು ಹುಟ್ಟು ಹಾಕಿದರೆ ಅದು ನಿಂತಲ್ಲೇ ಸುತ್ತುತ್ತದೆ. ಗೊತ್ತಿದ್ದವರ ಕೈಯಲ್ಲಿ ಬಾಣದ ಹಾಗೆ ಹೋಗುತ್ತದೆ. ಒಂದು ಸಲವಾದರೂ ಅನುಭವ ಇರುವ ಅಂಬಿಗರ ಜೊತೆ ಕೂತು ನೋಡಿ. ನೀರು ಓದುವುದನ್ನು ಅವರಷ್ಟು ಚೆನ್ನಾಗಿ ಯಾರೂ ಕಲಿಸುವುದಿಲ್ಲ.

ಹೊಸಬರಿಗೆ ಮೇಲೆ ಕೂರುವ ಬಗೆಯ ಅಗಲವಾದ ಕಯಾಕ್ ಒಳ್ಳೆಯದು. ಮಗುಚಿದರೂ ಒಳಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಈಜು ಬರುವುದಿಲ್ಲ. ಬರಬಹುದಾ?

ಅನುಭವ ಇರುವವರು ಜೊತೆಗಿದ್ದರೆ ದಡದ ಹತ್ತಿರ ಬರಬಹುದು. ಲೈಫ್ ಜಾಕೆಟ್ ಮಾತ್ರ ಮೈಮೇಲೆ ಇರಲೇಬೇಕು, ಬಕಲ್ ಹಾಕಿರಬೇಕು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದರೆ ಗಲ್ಲದ ತನಕ ಬರಬಾರದು. ಕಾಲಡಿ ಇಟ್ಟುಕೊಂಡು ಹೋಗುವವರನ್ನು ನೋಡಿದರೆ ನನಗೆ ಹೊಟ್ಟೆ ಕಿವುಚುತ್ತದೆ. ಈಜು ಬರುವವರಿಗೂ ಇದೇ ಮಾತು. ಹಿನ್ನೀರಿನಲ್ಲಿ ಮುಳುಗಿದವರಲ್ಲಿ ಈಜು ಬಲ್ಲವರೂ ಇದ್ದಾರೆ. ಕೆರೆಯಲ್ಲಿ ಈಜಿದ್ದೇ ಬೇರೆ, ಗಾಳಿ ಎದ್ದ ತೆರೆದ ನೀರೇ ಬೇರೆ.

ಮಗುಚಿದರೆ ದೋಣಿ ಬಿಡಬೇಡಿ. ದಡ ಹತ್ತಿರ ಕಾಣುತ್ತದೆ ಅಂತ ಈಜಿಕೊಂಡು ಹೊರಡಬೇಡಿ. ನೀರಿನ ಮೇಲೆ ದೂರ ಯಾವಾಗಲೂ ಕಮ್ಮಿ ಕಾಣುತ್ತದೆ.

ಕಲಿಯಲು ಎಲ್ಲಿಗೆ ಬರಬೇಕು?

ಸಾಗರ ತಾಲೂಕಿನ ಹೊನ್ನೆಮರಡು. ತಾಳಗುಪ್ಪದಿಂದ ಹತ್ತಿರ. ಶಿವಮೊಗ್ಗದಿಂದ ಬರುವ ರೈಲಿಗೆ ತಾಳಗುಪ್ಪವೇ ಕೊನೆಯ ನಿಲ್ದಾಣ, ಹಾಗಾಗಿ ಗಾಡಿ ಇಲ್ಲದವರೂ ಬರಬಹುದು. ಕನೂ, ಕಯಾಕ್, ತೆಪ್ಪ ಎಲ್ಲ ಅಲ್ಲಿ ತುಂಬ ವರ್ಷಗಳಿಂದ ನಡೆಯುತ್ತಿದೆ. ಬರುವ ಮುಂಚೆ ಹೇಳಿ ಬರಬೇಕು, ಸುಮ್ನೆ ಹೋಗಿ ನಿಂತರೆ ಆಗುವುದಿಲ್ಲ.

ತುಂಗೆಯ ಬಗ್ಗೆಯೂ ಕೇಳುತ್ತಾರೆ. ಗಾಜನೂರು ಅಣೆಕಟ್ಟಿನ ಹಿನ್ನೀರು ಶಿವಮೊಗ್ಗಕ್ಕೆ ಹತ್ತಿರ, ಆದರೆ ಅದೇ ನೀರಿಗೆ ಸಕ್ರೆಬೈಲಿನ ಆನೆಗಳು ಬೆಳಿಗ್ಗೆ ಸ್ನಾನಕ್ಕೆ ಇಳಿಯುತ್ತವೆ. ಇನ್ನಷ್ಟು ಮೇಲೆ ಮಂಡಗದ್ದೆ. ಹೊಳೆ ನಡುವಿನ ಪುಟ್ಟ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ಅಲ್ಲಿಗೆ ಕಯಾಕ್ ಬೇಡ. ತೀರ್ಥಹಳ್ಳಿ ರಸ್ತೆಯ ಪಕ್ಕದ ವೀಕ್ಷಣಾ ಗೋಪುರದಿಂದಲೇ ಗೂಡೊಳಗಿನ ಮರಿ ಕಾಣುತ್ತದೆ. ಹತ್ತಿರ ಹೋದರೆ ತಾಯಿ ಹಕ್ಕಿ ಏಳುತ್ತದೆ, ಮೊಟ್ಟೆ ಮಳೆಗೆ ಬಿಚ್ಚಿಕೊಳ್ಳುತ್ತದೆ. ಅಷ್ಟು ಮಾಡಿ ನಮಗೆ ಆಗಬೇಕಾದ್ದು ಏನಿದೆ?

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಳಿಯಬೇಡಿ, ಹೊಳೆಯಲ್ಲಂತೂ ಬೇಡವೇ ಬೇಡ. ಮಾರ್ಚ್ ದಾಟಿದ ಮೇಲೆ ಹಿನ್ನೀರು ಇಳಿಯುತ್ತಾ ಹೋಗಿ ಕೆಸರು, ಮರದ ಬೊಡ್ಡೆಗಳು ಮೇಲೇಳುತ್ತವೆ. ನೀರಿನಿಂದ ಒಂದು ಗೇಣು ಕೆಳಗೆ ನಿಂತ ಬೊಡ್ಡೆ ಕಣ್ಣಿಗೆ ಬೀಳುವುದಿಲ್ಲ. ಗಾಳಿ ತುಂಬಿದ ರಬ್ಬರ್ ಕಯಾಕ್ ಇದ್ದವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಹಿನ್ನೀರು ಕೆರೆ ಥರ ನಿಂತ ನೀರು. ಅದರಲ್ಲಿ ಏನು ಭಯ?

ಗಾಳಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಈ ಹಿನ್ನೀರು ತುಂಬಿದಾಗ ಸುಮಾರು 300 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಅಷ್ಟು ಅಗಲದ ನೀರಿನ ಮೇಲೆ ಗಾಳಿಗೆ ಅಡ್ಡ ಇಲ್ಲ. ಬೆಳಿಗ್ಗೆ ಮಂಜು ಕವಿದಾಗ ನೀರು ಎಣ್ಣೆ ಹಾಗೆ ಅಲುಗದೆ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಲೆ ಎದ್ದಿರುತ್ತದೆ.

ಒಮ್ಮೆ ಫೆಬ್ರವರಿಯಲ್ಲಿ ನಾವು ಮೂವರು ಒಂದು ನಡುಗಡ್ಡೆಗೆ ಬೆಳಿಗ್ಗೆ ಮುಕ್ಕಾಲು ಗಂಟೆಯಲ್ಲಿ ತಲುಪಿದ್ದೆವು. ಊಟ ಮಾಡಿ, ನೆರಳಲ್ಲಿ ಮಲಗಿ, ಮೂರು ಗಂಟೆಗೆ ಹೊರಟೆವು. ಎದುರು ಗಾಳಿ. ಹುಟ್ಟು ಹಾಕುವುದು ನಿಲ್ಲಿಸಿದರೆ ಹಿಂದಕ್ಕೆ ಹೋಗುತ್ತಿದ್ದೆವು. ಅಲೆ ಪಕ್ಕದಿಂದ ಹೊಡೆಯದ ಹಾಗೆ ಮೂತಿಯನ್ನು ಗಾಳಿಗೆ ಓರೆಯಾಗಿ ಹಿಡಿದು, ದಡ ಮುಟ್ಟಲು ಎರಡೂವರೆ ಗಂಟೆ ಹಿಡಿಯಿತು. ನನ್ನ ಗೆಳೆಯನ ಅಂಗೈ ಸಿಪ್ಪೆ ಎದ್ದಿತ್ತು. ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಆರೂವರೆಗೆ ನೀರಿಗೆ ಇಳಿದರೆ ಹನ್ನೊಂದರೊಳಗೆ ದಡದಲ್ಲಿರಬೇಕು. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದೇ ತಳ್ಳಲಿ. ನಡುನೀರು ಕತ್ತರಿಸಿ ಹೋಗುವುದಕ್ಕಿಂತ ದಡ ಹಿಡಿದು ಸುತ್ತಿಕೊಂಡು ಹೋಗುವುದೇ ಮೇಲು.

ನೀರಿನ ಕೆಳಗೆ ಊರುಗಳಿವೆಯಂತೆ, ನಿಜವಾ?

ನಿಜ. ಈ ಪ್ರಶ್ನೆ ಕೇಳುವವರು ಕಮ್ಮಿ, ಕೇಳಿದಾಗ ನನಗೆ ಸಂತೋಷವಾಗುತ್ತದೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕಿಂತ ಮುಂಚೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು, 1940ರ ದಶಕದಲ್ಲಿ ಕಟ್ಟಿದ್ದು. ದೊಡ್ಡ ಅಣೆಕಟ್ಟು ಬಂದ ಮೇಲೆ ಸಣ್ಣದು ಮುಳುಗಿತು. ನೀರು ತೀರ ಕೆಳಗಿಳಿದ ಬೇಸಿಗೆಯಲ್ಲಿ ಅದರ ಗೋಡೆ, ನೀರು ಹೊರಬಿಡುತ್ತಿದ್ದ ಸೈಫನ್ ಕಂಬಗಳು ಇವತ್ತಿಗೂ ಮೇಲೆ ಕಾಣುತ್ತವೆ. ಅಣೆಕಟ್ಟಿಗೇ ಹೀಗಾದರೆ ಊರಿನ ಕಥೆ ಕೇಳಬೇಕೇ? ಗದ್ದೆ, ಅಡಿಕೆ ತೋಟ, ದೇವಸ್ಥಾನ, ಮನೆ ಅಂಗಳ ಎಲ್ಲ ಹೋಯಿತು. ನಮ್ಮ ಕಡೆ 'ಮುಳುಗಡೆ' ಎನ್ನುವುದು ಒಂದು ಕಾಲದ ಹೆಸರೇ ಆಗಿಬಿಟ್ಟಿದೆ. 'ಮುಳುಗಡೆಗೆ ಮುಂಚೆ', 'ಮುಳುಗಡೆ ಆದ ಮೇಲೆ' ಅಂತಲೇ ಹಿರಿಯರು ಮಾತಾಡುವುದು. ನಾಡಿಗೆ ಬೆಳಕು ಕೊಡಲು ಜಾಗ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ಬದಲಿ ಭೂಮಿಯ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿವೆ.

ನೀವು ಇಳಿದು ಫೋಟೋ ತೆಗೆಸಿಕೊಳ್ಳುವ ನಡುಗಡ್ಡೆ ಮುಂಚೆ ಒಂದು ಗುಡ್ಡದ ನೆತ್ತಿ. ಅದರ ಬುಡದಲ್ಲಿ ಯಾರದೋ ಮನೆ ಇತ್ತು. ಬೇಸಿಗೆಯಲ್ಲಿ ಮಡಕೆ ಚೂರು, ಒರಳು ಕಲ್ಲು ಸಿಕ್ಕರೆ ಎತ್ತಿಕೊಂಡು ಬರಬೇಡಿ. ಸ್ಪೀಕರ್ ಹಾಕಬೇಡಿ. ಆ ನೀರಿನ ಮೇಲೆ ಸದ್ದಿಲ್ಲದೆ ಹೋಗಿ.

ಸೇತುವೆ ಆಯ್ತಲ್ಲ, ಲಾಂಚ್ ಕಾಟ ಇಲ್ಲ ಅಲ್ವಾ?

'ಕಾಟ' ಅನ್ನಬೇಡಿ, ದಯವಿಟ್ಟು. ಹಿನ್ನೀರಿನಾಚೆಯ ತುಮರಿ ಕಡೆಯ ಜನಕ್ಕೆ, ಜನ ವಾಹನ ದಾಟಿಸುವ ಹೊಳೆಬಾಗಿಲಿನ ಲಾಂಚೇ ಆಸ್ಪತ್ರೆ, ಅದೇ ಶಾಲೆ, ಅದೇ ಸಂತೆ ಆಗಿತ್ತು. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಹೋಗುವವರು ಅದರ ಮೇಲೇ ಹೋಗುತ್ತಾರೆ. 2.44 ಕಿಲೋಮೀಟರ್ ಉದ್ದದ ಸೇತುವೆ ಅದು. ಹಸಿರುಮಕ್ಕಿ, ಮುಪ್ಪಾನೆ ಕಡೆಗಳಲ್ಲೂ ಲಾಂಚ್ ಓಡಿದ ದಾರಿಗಳಿವೆ. ಎಲ್ಲೇ ಲಾಂಚ್ ಕಂಡರೂ ನೀವೇ ದಾರಿ ಬಿಡಬೇಕು. ಅದು ನಿಮ್ಮ ಹಾಗೆ ಗಕ್ಕನೆ ನಿಲ್ಲುವುದಿಲ್ಲ, ತಿರುಗುವುದಿಲ್ಲ.

ಮೀನುಗಾರರ ಬಲೆಯ ವಿಷಯವೂ ಹೀಗೆಯೇ. ಸಾಲಾಗಿ ತೇಲುವ ಬಾಟಲಿ, ಥರ್ಮಕೋಲ್ ತುಂಡು ಕಂಡರೆ ಕೆಳಗೆ ಬಲೆ ಇದೆ ಅಂತ ಅರ್ಥ. ಸುತ್ತಿಕೊಂಡು ಹೋಗಿ.

ಹೊಳೆಯ ಉದ್ದಕ್ಕೂ, ಸಾಗರದಿಂದ ಹೊನ್ನಾವರದ ತನಕ ಕಯಾಕ್‌ನಲ್ಲೇ ಹೋಗಬಹುದಾ?

ಇಲ್ಲ. ನಡುವೆ ಲಿಂಗನಮಕ್ಕಿ ಅಣೆಕಟ್ಟು, 253 ಮೀಟರ್ ಜೋಗ, ವಿದ್ಯುದಾಗಾರಗಳು, ಗೇರುಸೊಪ್ಪೆ ಅಣೆಕಟ್ಟು ಇವೆ.

ಮೇಲಿನ ನೀರಿನಲ್ಲಿ ಎರಡು ದಿನ ಕಳೆದು, ಮಾವಿನಗುಂಡಿ ಘಟ್ಟ ಇಳಿದು ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಗಾಡಿಯಲ್ಲಿ ಹೋಗಿ. ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ನೋಡಿಕೊಳ್ಳಿ. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿ ಆಳಿದ ನೆಲ ಅದು. ಘಟ್ಟದ ಮೆಣಸು ಇದೇ ಹೊಳೆಯ ದಾರಿ ಹಿಡಿದು ಕಡಲಿಗೆ ಇಳಿಯುತ್ತಿತ್ತು ಅಂತ ನೆನೆಸಿಕೊಂಡರೆ ಕೆಳಗಿನ ನೀರು ಬೇರೆಯೇ ಕಾಣುತ್ತದೆ.

ಗೇರುಸೊಪ್ಪೆ ಅಣೆಕಟ್ಟಿನ ಕೆಳಗೆ ಇಳಿಯಬಹುದಾ? ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ.

ಅಣೆಕಟ್ಟಿನ ಹತ್ತಿರ ಬೇಡ. ಅಲ್ಲಿ ನೀರು ಹೆಚ್ಚುವುದು ಮಳೆಯ ಲೆಕ್ಕಕ್ಕಲ್ಲ, ಕರೆಂಟಿನ ಲೆಕ್ಕಕ್ಕೆ. 240 ಮೆಗಾವಾಟ್‌ನ ವಿದ್ಯುದಾಗಾರ ಓಡಲು ಶುರುವಾದರೆ ನೆತ್ತಿಯ ಮೇಲೆ ಬಿಸಿಲಿದ್ದರೂ ಹೊಳೆ ಏರುತ್ತದೆ. ಕಲ್ಲಿನ ಮೇಲೆ ಕಯಾಕ್ ಬಿಟ್ಟು ಊಟಕ್ಕೆ ಕೂರುವ ಜಾಗ ಅಲ್ಲ ಅದು.

ಅಳಿವೆಯಲ್ಲಿ ಉಬ್ಬರ ಇಳಿತ ನೋಡಿಕೊಂಡು ಹೋಗಿ ಅನ್ನುತ್ತಾರೆ. ಹೇಗೆ ನೋಡುವುದು?

ಘಟ್ಟದ ಮೇಲಿನವರಾದ ನಮಗೆ ಇದೇ ಹೊಸ ಪಾಠ. ಮೇಲೆ ನೀರು ತಿಂಗಳುಗಟ್ಟಲೆ ಏರಿ ತಿಂಗಳುಗಟ್ಟಲೆ ಇಳಿಯುತ್ತದೆ. ಕೆಳಗೆ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಇವತ್ತಿನ ಉಬ್ಬರದ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರುವುದೂ ಜೋರು, ಇಳಿಯುವುದೂ ಜೋರು. ಅಷ್ಟಮಿಯ ಹೊತ್ತಿಗೆ ಮೆತ್ತಗೆ. ಮನೆಯ ಪಂಚಾಂಗ ನೋಡಿದರೂ ಅರ್ಧ ಲೆಕ್ಕ ಸಿಗುತ್ತದೆ. ಉಳಿದರ್ಧಕ್ಕೆ ಮೊಬೈಲಿನಲ್ಲಿ ಉಬ್ಬರದ ಪಟ್ಟಿ ಇದೆ, ಹೊನ್ನಾವರದ ಮೀನುಗಾರರೂ ಇದ್ದಾರೆ. ನಾನು ಎರಡನ್ನೂ ಕೇಳುತ್ತೇನೆ. ಎರಡರಲ್ಲಿ ವ್ಯತ್ಯಾಸ ಬಂದರೆ ಮೀನುಗಾರರ ಮಾತಿಗೇ ಬೆಲೆ.

ಉಪಾಯ ಸುಲಭ. ನೀರು ಏರುವಾಗ ಅದರ ಜೊತೆ ಒಳಕ್ಕೆ ಹೋಗಿ. ಉಬ್ಬರ ನಿಂತಾಗ ಸುಧಾರಿಸಿಕೊಳ್ಳಿ. ಇಳಿಯಲು ಶುರುವಾದ ಕೂಡಲೇ ಅದರ ಜೊತೆ ವಾಪಸ್ ಬನ್ನಿ. ಎರಡೂ ಕಡೆ ಹೊಳೆಯೇ ನಿಮ್ಮನ್ನು ಹೊತ್ತುಕೊಂಡು ಹೋಗುತ್ತದೆ.

ತಪ್ಪಿದರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಒಂದು ಜನವರಿಯಲ್ಲಿ ಕಾಂಡ್ಲ ಗಿಡಗಳ ನಡುವಿನ ಸಣ್ಣ ಕಾಲುವೆಗೆ ನುಗ್ಗಿದೆ. ತಲೆಯ ಮೇಲೆ ಕೊಂಬೆ, ಎರಡೂ ಕಡೆ ನೀರಿಗೆ ಇಳಿಬಿಟ್ಟ ಬೇರು, ಮಿಂಚುಳ್ಳಿ. ಹೊತ್ತು ಹೋದದ್ದೇ ತಿಳಿಯಲಿಲ್ಲ. ತಿರುಗಿ ನೋಡಿದರೆ ಬಂದ ದಾರಿಯಲ್ಲಿ ಬರೀ ಕೆಸರು ಹೊಳೆಯುತ್ತಿತ್ತು. ಇಳಿದು ತಳ್ಳೋಣ ಅಂತ ಕಾಲು ಹೊರಗಿಟ್ಟೆ. ದಂಡೆಯಲ್ಲಿ ಬಳಚು (ಚಿಪ್ಪುಮೀನು) ಆಯುತ್ತಿದ್ದ ಅಮ್ಮ ಒಬ್ಬರು ಕೂಗಿದರು: "ಇಳೀಬೇಡಿ, ಅಲ್ಲೇ ಕುಂತ್ಕಳಿ!" ಹುಟ್ಟನ್ನು ಕೆಸರಿಗೆ ಚುಚ್ಚಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಒಳಗೆ ಹೋಯಿತು. ಇಳಿದಿದ್ದರೆ ತೊಡೆ ತನಕ ಹೂತುಹೋಗುತ್ತಿದ್ದೆ. ನೀರು ತಿರುಗಿ ಬರುವ ತನಕ, ಸುಮಾರು ನಾಲ್ಕು ಗಂಟೆ, ದೋಣಿಯಲ್ಲೇ ಕೂತೆ. ಆ ಅಮ್ಮ ನಡುವೆ ಎರಡು ಸಲ ಬಂದು ನೋಡಿಕೊಂಡು ಹೋದರು. ಅವರ ಋಣ ನನ್ನ ಮೇಲಿದೆ.

ಹೊನ್ನಾವರದಲ್ಲಿ ಎಲ್ಲಿ ಸುತ್ತುವುದು?

ಕಾಸರಕೋಡಿನ ಶರಾವತಿ ಕಾಂಡ್ಲ ನಡಿಗೆ ಹಾದಿಯಲ್ಲಿ ಮೊದಲು ಕಾಲ್ನಡಿಗೆಯಲ್ಲೇ ಒಂದು ಸುತ್ತು ಹಾಕಿ. ಬೇರು ಯಾಕೆ ಮೇಲಕ್ಕೆ ಬಂದು ಉಸಿರಾಡುತ್ತದೆ, ಬೀಜ ಮರದಲ್ಲಿ ಇರುವಾಗಲೇ ಹೇಗೆ ಮೊಳೆಯುತ್ತದೆ, ಇದೆಲ್ಲ ಹತ್ತಿರದಿಂದ ಕಾಣುತ್ತದೆ. ಆಮೇಲೆ ನೀರಿನಿಂದ ನೋಡಿದಾಗ ಅದು ಬರೀ ಹಸಿರು ಗೋಡೆ ಅನ್ನಿಸುವುದಿಲ್ಲ. ಕೊಂಕಣ ರೈಲ್ವೆಯ 2 ಕಿಲೋಮೀಟರ್‌ಗೂ ಉದ್ದದ ಸೇತುವೆಯಿಂದ ಮೇಲಕ್ಕೆ, ಮಾವಿನಕುರ್ವೆ ಸುತ್ತಮುತ್ತ ನೀರು ಶಾಂತ. ಅಭ್ಯಾಸ ಇದ್ದವರು ಇನ್ನೂ ಮೇಲೆ ಹೈಗುಂದದ ಕಡೆಗೆ ಹೋಗಬಹುದು.

ಅಳಿವೆಯ ಬಾಯಿಗೆ ಮಾತ್ರ ಹೋಗಬೇಡಿ. ಇಳಿಯುವ ಹೊಳೆ, ಎದುರು ಬರುವ ಅಲೆ, ಮರಳ ದಿಣ್ಣೆ, ನಡುವೆ ಮೀನುಗಾರಿಕೆ ಬೋಟುಗಳು. ಬಲ್ಲವರೇ ಅಲ್ಲಿ ಎಚ್ಚರದಿಂದ ಹೋಗುತ್ತಾರೆ.

ಅನುಮತಿ ಬೇಕಾ?

ಬೇಕು. ಹಿನ್ನೀರಿನ ಅಣೆಕಟ್ಟು ಕರ್ನಾಟಕ ವಿದ್ಯುತ್ ನಿಗಮದ್ದು, ಸುತ್ತಲಿನ ಕಾಡು ಅರಣ್ಯ ಇಲಾಖೆಯದ್ದು. ಹಲವು ಕಡೆ ದಡವೇ ಅಭಯಾರಣ್ಯದ ಗಡಿ. ಸಿಂಗಳೀಕ ಇರುವ ಕಾಡು ಅದು. ಸ್ವಂತ ಕಯಾಕ್ ತರುವವರು ಇಳಿಯುವ ಜಾಗದ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ. ಭದ್ರಾ ಹಿನ್ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡಿದೆ. ಅಲ್ಲಿ ಸ್ವಂತಕ್ಕೆ ಇಳಿಯುವ ಮಾತೇ ಬೇಡ, ಲಕ್ಕವಳ್ಳಿಯಿಂದ ಅವರೇ ಕರೆದೊಯ್ಯುವ ದೋಣಿಯಲ್ಲಿ ಹೋಗಿ. ಬೇಸಿಗೆಯಲ್ಲಿ ಅಲ್ಲಿನ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ.

ನಡುಗಡ್ಡೆಯಲ್ಲಿ ಟೆಂಟ್ ಹಾಕಿ ಮಲಗಬಹುದಾ?

ಅನುಮತಿ ಇರುವವರ ಜೊತೆ ಮಾತ್ರ. ಬೆಂಕಿ ಬೇಡ. ತಂದ ಪ್ಲಾಸ್ಟಿಕ್ ವಾಪಸ್ ತನ್ನಿ.

ಇಂಬಳ, ಹಾವು, ಮಂಗನ ಕಾಯಿಲೆ. ಮನೆಯಲ್ಲಿ ಹೆದರಿಸುತ್ತಿದ್ದಾರೆ.

ಇಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಬೇಡಿ. ಅದು ಮಳೆಗಾಲದ ಜೀವ, ಕಚ್ಚಿದರೆ ಸುಣ್ಣವೋ ಉಪ್ಪೋ ಹಚ್ಚಿದರೆ ಬಿಡುತ್ತದೆ. ಹಾವಿಗೆ, ನೋಡಿಕೊಂಡು ಹೆಜ್ಜೆ ಇಟ್ಟರೆ ಸಾಕು.

ಮಂಗನ ಕಾಯಿಲೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಅದು ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಆಸುಪಾಸಿನಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಜೀವಗಳೇ ಹೋದವು. ಅದನ್ನು ಹರಡುವುದು ರಕ್ತ ಹೀರುವ ಉಣುಗು (ಉಣ್ಣೆ). ಡಿಸೆಂಬರ್‌ನಿಂದ ಮೇ ತನಕ ಒಣ ತರಗೆಲೆಯಲ್ಲಿ ಸಣ್ಣ ಉಣುಗು ತುಂಬಿರುತ್ತದೆ. ಕಯಾಕ್‌ಗೆ ಒಳ್ಳೆಯ ಕಾಲದ ಬಹುಪಾಲು ಇದರೊಳಗೇ ಬರುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀರಿನ ಮೇಲೆ ಇದರ ಭಯ ಇಲ್ಲ, ದಡಕ್ಕೆ ಹತ್ತಿದ ಮೇಲೆ ಇದೆ. ಕಾಡೊಳಗೆ ಹೋಗಬೇಡಿ. ತರಗೆಲೆಯ ಮೇಲೆ ಕೂರಬೇಡಿ, ಬರಿ ಮರಳು ಅಥವಾ ಬಂಡೆಯ ಮೇಲೆ ಕೂರಿ. ಉದ್ದ ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸಿಕ್ಕಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸಾದ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿನ ಕಾಡಂಚಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ದೂರದ ಊರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯದೆ ಇರಬಹುದು.

ಏನೇನು ತರಬೇಕು?

ಒಬ್ಬರಿಗೆ ಮೂರು ಲೀಟರ್ ಕುಡಿಯುವ ನೀರು, ಟೋಪಿ, ತುಂಬು ತೋಳಿನ ಅಂಗಿ, ಸೀಟಿ, ನೀರು ಹೋಗದ ಚೀಲದಲ್ಲಿ ಮೊಬೈಲು, ಒಂದು ಜೊತೆ ಒಣ ಬಟ್ಟೆ. ಜೀನ್ಸ್ ಬೇಡ, ಒದ್ದೆಯಾದರೆ ಕಲ್ಲಿನಷ್ಟು ಭಾರ. ಚಪ್ಪಲಿ ಬದಲು ಹಿಂದೆ ಪಟ್ಟಿ ಇರುವ ಸ್ಯಾಂಡಲ್. ಊಟಕ್ಕೆ ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು ಸಾಕು. ಮನೆಯಲ್ಲಿ ಯಾರಾದರೂ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಮಾಡಿಕೊಟ್ಟರೆ ಒಂದು ಬಾಟಲಿ ತನ್ನಿ. ಬಿಸಿಲಿಗೆ ಬೆವರು ಸುರಿಸಿದ ಮೇಲೆ ಅದರಷ್ಟು ಹಿತ ಯಾವುದೂ ಇಲ್ಲ.

ಹಿನ್ನೀರಿನಲ್ಲಿ ನೆಟ್‌ವರ್ಕ್ ನಂಬಬೇಡಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ದಡದಲ್ಲಿ ಒಬ್ಬರಿಗೆ ಹೇಳಿ ಹೊರಡಿ. ಬಂದ ಮೇಲೆ ಬಂದೆವು ಅಂತಲೂ ಹೇಳಿ. ಎಷ್ಟೋ ಜನ ಅದನ್ನು ಮರೆತು ಊರಿಗೆ ಹೋಗಿಬಿಡುತ್ತಾರೆ. ಇಲ್ಲಿ ಲಾಟೀನು ಹಿಡಿದು ದಡದಲ್ಲಿ ಕಾಯುವವರು ಇರುತ್ತಾರೆ.

ಮೊದಲ ದಿನ ಎಷ್ಟು ದೂರ ಹೋಗಬಹುದು?

ನಿಂತ ನೀರಿನಲ್ಲಿ ಹೊಸಬರು ಗಂಟೆಗೆ ಮೂರು ಕಿಲೋಮೀಟರ್ ಹೋದರೆ ಹೆಚ್ಚು. ಮೊದಲ ದಿನ ಹೋಗಿಬರುವುದು ಸೇರಿ ನಾಲ್ಕು ಕಿಲೋಮೀಟರ್ ಸಾಕು. ಅಷ್ಟರಲ್ಲಿ ಹೆಗಲು ಮಾತಾಡಲು ಶುರು ಮಾಡುತ್ತದೆ. ಕೈಯಿಂದ ಎಳೆಯಬೇಡಿ, ಸೊಂಟದಿಂದ ಮೈ ತಿರುಗಿಸಿ ಹುಟ್ಟು ಹಾಕಿ. ನಡುವೆ ಒಮ್ಮೆ ಹುಟ್ಟನ್ನು ತೊಡೆಯ ಮೇಲಿಟ್ಟು ಹತ್ತು ನಿಮಿಷ ಸುಮ್ಮನೆ ಕೂರಿ. ಮಂಜು ಏಳುವ ಹೊತ್ತಿನಲ್ಲಿ, ಆಚೆ ದಡದ ಊರಿನಲ್ಲಿ ಯಾರೋ ದನ ಕರೆಯುವುದು ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಸುತ್ತದೆ.